‘ಬೇರೆ ಥರ ಇದೆ’ ಅಂದ ವರ್ನಾ

ವರ್ನಾ ಟೋರ್ಗರ್ಸನ್ ನನ್ನ ಎದುರು ಮನೆಯವಳು. ಅವಳ ಅಡುಗೆಮನೆಯ ಕಿಟಕಿಗೂ ನನ್ನ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ರಸ್ತೆ ಬಿಟ್ಟರೆ ಬೇರೇನೂ ಇಲ್ಲ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಅವಳ ಮನೆಯ ದೀಪ ನೋಡಿಕೊಂಡೇ ನಾನು ಪಾತ್ರೆ ತೊಳೆದಿದ್ದೇನೆ. ಅವಳ ಬಗ್ಗೆ ಬರೆಯುತ್ತೇನೆ ಅಂದಾಗ, ಬರೆಯೋಕೆ ಏನಿದೆ ಮಣ್ಣು ಅಂದಳು. ಮಿನೆಸೋಟಾದ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ತಮ್ಮ ಬಗ್ಗೆ ಹೇಳುವುದು ಇಷ್ಟೇ. ತನ್ನಲ್ಲಿ ಹೇಳಿಕೊಳ್ಳುವಂಥದ್ದೇನೋ ಇದೆ ಅಂದುಕೊಂಡವರಿಗೆ ನಾವು ದೂರದಿಂದಲೇ ನಮಸ್ಕಾರ ಹಾಕುವ ಜನ.

ಅವಳು ಹುಟ್ಟಿದ್ದು ಊರಾಚೆಯ ಹೈನಿನ ಫಾರ್ಮಿನಲ್ಲಿ. ಮದುವೆಯಾಗಿದ್ದು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಓರಿನ್‌ನನ್ನು. ದುಡಿದಿದ್ದು ಊರಿನ ಶಾಲೆಯ ಅಡುಗೆಮನೆಯಲ್ಲಿ. ಈಗ ಬೋಳುತಲೆಯಾಗಿ ಓಡಾಡುವ ಎಷ್ಟೋ ಗಂಡಸರು ಬಟಾಣಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಆಚೆ ಎಸೆಯುತ್ತಿದ್ದುದು ಅವಳಿಗೆ ಗೊತ್ತು. ಸಿಕ್ಕಿದಾಗ ನೆನಪಿಸುತ್ತಾಳೆ ಕೂಡ. ಅಷ್ಟು ವರ್ಷ ಅಷ್ಟು ಮಕ್ಕಳಿಗೆ ಬಡಿಸಿದಳಲ್ಲ, ಒಂದು ದಿನವಾದರೂ ಯಾರಾದರೂ ಅವಳ ಅಡುಗೆ ಚೆನ್ನಾಗಿದೆ ಅಂದಿದ್ದನ್ನು ನಾನು ಕೇಳಿಲ್ಲ. ಹಾಗೆಂದು ಚೆನ್ನಾಗಿರಲಿಲ್ಲ ಅಂತಲ್ಲ. ನಮ್ಮಲ್ಲಿ ಹಾಗೆ ಹೇಳುವ ರೂಢಿಯೇ ಇಲ್ಲ.

ನಮ್ಮೂರಿನ ಮಾತು ಗೊತ್ತಿಲ್ಲದವರಿಗೆ ಮುಂದಿನ ಕತೆ ತಲೆಗೆ ಹತ್ತುವುದಿಲ್ಲ, ಆದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ‘ಪರವಾಗಿಲ್ಲ’ ಅನ್ನುವುದು ನಮ್ಮ ಅತಿ ದೊಡ್ಡ ಹೊಗಳಿಕೆ. ಓರಿನ್ ವರ್ನಾಳನ್ನು ಮದುವೆಯಾಗುವ ಮೊದಲು ತನ್ನ ಅಣ್ಣನಿಗೆ ಅವಳ ಬಗ್ಗೆ ಹೇಳಿದ್ದು ಅದನ್ನೇ. ‘ಬೇರೆ ಥರ ಇದೆ’ ಅನ್ನುವುದು ಅದಕ್ಕೆ ತೀರಾ ವಿರುದ್ಧದ್ದು. ಊರಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರು ತನ್ನ ಮನೆಗೆ ನೇರಳೆ ಬಣ್ಣ ಬಳಿಸಿದಾಗ ಊರಿಗೆ ಊರೇ ಆ ದಾರಿಯಲ್ಲಿ ಹಾದು ‘ಬೇರೆ ಥರ ಇದೆ ಡಾಕ್ಟ್ರೇ’ ಅಂದಿತು. ಪಾಪ, ಮೊದಲು ಅವರು ಹಿಗ್ಗಿದರು. ಅರ್ಥ ತಿಳಿದ ಮೇಲೆ ಮುಂದಿನ ಬೇಸಿಗೆಗೆ ಮನೆ ಬೆಳ್ಳಗಾಯಿತು.

ಡಿಸೆಂಬರ್ ಬಂತೆಂದರೆ ವರ್ನಾ ಚಾಕೊಲೇಟ್ ಚಕ್ಕೆ ಮಾಡುತ್ತಿದ್ದಳು. ಕರಗಿಸಿದ ಚಾಕೊಲೇಟನ್ನು ತಗಡಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ಏನಾದರೂ ಉದುರಿಸಿ, ಗಟ್ಟಿಯಾದ ಮೇಲೆ ಕೈಯಲ್ಲಿ ಮುರಿಯುವುದು. ಮರದ ತೊಗಟೆಯ ಹಾಗೆ ಒಂದು ತುಂಡಿನಂತೆ ಇನ್ನೊಂದು ಇರುವುದಿಲ್ಲ. ಮಾಡುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು ಕರಗಿಸುವಾಗ ಒಂದು ಹನಿ ಆವಿ ಒಳಗೆ ಬಿದ್ದರೂ ಚಾಕೊಲೇಟ್ ಮರಳು ಮರಳಾಗಿ ಮುನಿಸಿಕೊಳ್ಳುತ್ತದೆ. ಅವಳ ಮನೆ ಹಿಂದಿನ ಮುಚ್ಚು ಜಗುಲಿ ಚಳಿಗಾಲವಿಡೀ ಎರಡನೇ ಫ್ರಿಜ್. ತಟ್ಟೆಗಳನ್ನು ಅಲ್ಲಿಟ್ಟು ಹತ್ತು ಸಲ ಹೋಗಿ ಮುಟ್ಟಿ ನೋಡುತ್ತಿದ್ದಳು, ಏಕೆಂದರೆ ಕೆಳಗಿನ ಕಪ್ಪು ಪದರ ಅತಿಯಾಗಿ ತಣ್ಣಗಾದರೆ ಮೇಲೆ ಸುರಿದ ಬಿಳಿ ಚಾಕೊಲೇಟಿನ ಪದರ ಅದಕ್ಕೆ ಅಂಟುವುದಿಲ್ಲ, ಮುರಿಯುವಾಗ ಎರಡೂ ಬೇರೆಬೇರೆಯಾಗಿ ಎದ್ದು ಬರುತ್ತವೆ.

ಪೆಪ್ಪರ್‌ಮೆಂಟಿನದು ಒಂದು, ಒಣ ಕ್ರ್ಯಾನ್‌ಬೆರಿ ಮತ್ತು ಅಕ್ರೋಟಿನದು ಒಂದು, ಕಿತ್ತಳೆ ಸಿಪ್ಪೆಯದು ಒಂದು, ಉಪ್ಪು ಹಚ್ಚಿದ ಪ್ರೆಟ್ಜೆಲ್ ಬಿಸ್ಕತ್ತಿನ ಪುಡಿಯದು ಇನ್ನೊಂದು. ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮೆಂಟ್ ಕೋಲುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಬಡಿಯುವ ಸದ್ದು ನಮ್ಮನೆಗೆ ಕೇಳಿಸಿದರೆ ಹಬ್ಬ ಬಂತು ಅಂತ ನನಗೆ ಗೊತ್ತಾಗುತ್ತಿತ್ತು. ತಿಂದು ಖಾಲಿಯಾದ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಕೊಡುತ್ತಿದ್ದಳು. ಎಲ್ಲರೂ ‘ಪರವಾಗಿಲ್ಲ ವರ್ನಾ’ ಅನ್ನುತ್ತಿದ್ದರು. ಓರಿನ್ ಸಾಯುವ ವರ್ಷದ ಕ್ರಿಸ್ಮಸ್ಸಿಗೂ ಒಂದು ಚೂರು ಬಾಯಿಗೆ ಹಾಕಿಕೊಂಡು ಅದನ್ನೇ ಅಂದ. ನಾಲ್ಕು ಬಗೆಯಲ್ಲಿ ಅವನಿಗೆ ಯಾವುದು ಹೆಚ್ಚು ಇಷ್ಟ ಅನ್ನುವುದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಕೇಳಬಹುದಿತ್ತಲ್ಲ ಅಂದರೆ, ಕೇಳಿದ್ರೆ ಎಲ್ಲಾನೂ ಅಂತಿದ್ದ ಕಣೇ ಅಂದಳು.

ಅವಳ ಒಬ್ಬನೇ ಮಗ ನೀಲ್. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ತಂದೆಯ ಹಾಗೇ ಒಳ್ಳೆಯವನು, ತಂದೆಯ ಹಾಗೇ ಮಾತಿಗೆ ಬಡವ. ಒಂದು ಮಾರ್ಚಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆಗೆ ಹೋದವನು ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಡೆಲ್ಫೀನಾಳನ್ನು ನೋಡಿದ. ನ್ಯೂ ಮೆಕ್ಸಿಕೋದ ಗುಡ್ಡಗಳ ಕಡೆಯ ಹುಡುಗಿ. ಕೆಲಸಕ್ಕೆಂದು ನಮ್ಮ ಈ ಚಳಿ ಕೊರೆಯುವ ನಾಡಿಗೆ ಬಂದಿದ್ದಳು. ಕೈ ಕೂಡಿಕೊಳ್ಳುವುದರೊಳಗೆ ಇವರಿಬ್ಬರೂ ಕೂಡಿಕೊಂಡರು ಅಂತ ಊರಿನಲ್ಲಿ ತಮಾಷೆ ಮಾಡುತ್ತಿದ್ದರು.

ಮದುವೆಗೆ ಮೊದಲಿನ ಕ್ರಿಸ್ಮಸ್ಸಿಗೆ ಅವಳನ್ನು ಮನೆಗೆ ಕರೆತಂದ. ವರ್ನಾ ಎಲ್ಲರ ಮುಂದೆ ಇಡುವಂತೆ ಅವಳ ಮುಂದೆಯೂ ನಾಲ್ಕು ಬಗೆಯ ಚಕ್ಕೆ ಇಟ್ಟಳು. ಆ ಹುಡುಗಿ ಒಂದೊಂದನ್ನೂ ಕಣ್ಣು ಮುಚ್ಚಿ ತಿಂದು ಹೇಳಿದಳಂತೆ: "ಈ ಪೆಪ್ಪರ್‌ಮೆಂಟ್ದು ಹಲ್ಲುಜ್ಜಿದ ಹಾಗಾಗುತ್ತೆ, ನಂಗಾಗಲ್ಲ. ಆದ್ರೆ ಈ ಉಪ್ಪಿಂದು ಇದ್ಯಲ್ಲ, ಇದನ್ನ ನನ್ನ ಕಣ್ಣೆದುರು ಇಡ್ಬೇಡಿ. ಒಂದು ಚೂರೂ ಉಳಿಸಲ್ಲ."

ನೀಲ್‌ಗೆ ಕಾಫಿ ನೆತ್ತಿಗೇರಿತು. ಮರುದಿನ ವರ್ನಾ ರಸ್ತೆ ದಾಟಿ ಬಂದು ನನ್ನ ಅಡುಗೆಮನೆಯಲ್ಲಿ ನಿಂತಳು. ಮುಖ ಕೆಂಪಗಾಗಿತ್ತು. "ಎನಿಡ್, ಅವಳು ಹೇಳೇಬಿಟ್ಟಳು ಕಣೇ," ಅಂದಳು. ನಾನು ಸಿಟ್ಟು ಬಂದಿದೆ ಅಂದುಕೊಂಡು ಸಮಾಧಾನ ಮಾಡಲು ಹೊರಟರೆ, ಹೆಂಗಸಿಗೆ ಸಂತೋಷ ತಡೆಯಲಾಗುತ್ತಿಲ್ಲ. ಅಷ್ಟು ವರ್ಷ ಮಾಡಿ ಹಂಚಿದ ತಿಂಡಿಯ ಬಗ್ಗೆ ಮೊದಲ ಬಾರಿಗೆ ಒಬ್ಬರು ಇದು ಬೇಡ, ಇದು ಬೇಕು ಅಂದಿದ್ದರು. ಅವತ್ತಿನಿಂದ ಪ್ರೆಟ್ಜೆಲ್ ಚಕ್ಕೆಯ ಒಂದು ಡಬ್ಬಿ ಡೆಲ್ಫೀನಾಳ ಹೆಸರಿಗೇ ಮೀಸಲಾಯಿತು.

ಮದುವೆಯಾದ ಮೇಲೆ ಡೆಲ್ಫೀನಾ ಅವಳನ್ನು ಅಮ್ಮ ಅಂತಲೇ ಕರೆದಳು. ಅತ್ತೆಯನ್ನು ಹೆಸರು ಹಿಡಿದು ಕರೆಯುವ ನಮ್ಮ ಪದ್ಧತಿ ಅವಳ ನಾಲಿಗೆಗೆ ಬರಲಿಲ್ಲ. ಹಸಿವಾದರೆ ಹಸಿವು ಅನ್ನುವಳು, ಚಳಿಯಾದರೆ ಯಾಕಾದ್ರೂ ಇಲ್ಲಿ ಮನುಷ್ಯರು ಇರ್ತಾರೋ ಅನ್ನುವಳು, ಅತ್ತೆಯ ಹೊಸ ಕೋಟು ಚೆನ್ನಾಗಿದ್ದರೆ ಹಿಂದೆ ಮುಂದೆ ತಿರುಗಿಸಿ ನೋಡಿ ಹೊಗಳುವಳು. ಹೊಗಳಿದಾಗ ವರ್ನಾಳಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಆದರೂ ಆ ಕೋಟನ್ನೇ ಹಾಕಿಕೊಂಡು ಮತ್ತೆ ಮತ್ತೆ ಸೊಸೆಯ ಮನೆ ಕಡೆ ಹೋಗುತ್ತಿದ್ದಳು. ಮಗಳಿಲ್ಲದ ಹೆಂಗಸು. ಚಕ್ಕೆ ಮಾಡುವ ದಿನ ಪಕ್ಕದಲ್ಲಿ ನಿಲ್ಲಲು ಒಬ್ಬರು ಸಿಗುತ್ತಾರೆ ಅನ್ನುವ ಆಸೆ ಅವಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು.

ಡಿಸೆಂಬರ್ ಮೊದಲ ಶನಿವಾರ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಕುಕೀ ಸಂತೆ. ಹೆಂಗಸರು ಮನೆಯಲ್ಲಿ ಮಾಡಿದ್ದನ್ನೆಲ್ಲ ತಂದು ಉದ್ದನೆಯ ಮೇಜುಗಳ ಮೇಲೆ ಹರಡುತ್ತಾರೆ. ಜನ ಐಸ್‌ಕ್ರೀಮಿನ ಖಾಲಿ ಬಕೆಟ್ ಹಿಡಿದುಕೊಂಡು ಸಾಲಾಗಿ ಬಂದು ಬೇಕಾದ್ದನ್ನು ಆರಿಸಿ ತುಂಬಿಕೊಳ್ಳುತ್ತಾರೆ. ಚಕ್ಕೆಯ ಮೇಜು ಯಾವಾಗಲೂ ವರ್ನಾಳದು. ಉಸ್ತುವಾರಿಯೆಲ್ಲ ಮಾರ್ಲಿಸ್‌ದು. ಮಾರ್ಲಿಸ್ ಎಂಥವಳೆಂದರೆ ದೇವರೇ ಬಂದು ಮೇಜಿನ ಮೇಲೆ ಏನಾದರೂ ಇಟ್ಟರೂ ಎರಡು ಬೆರಳಷ್ಟು ಆಚೆ ಸರಿಸಿ ಇಡುವವಳು.

ಮದುವೆಯ ನಂತರದ ಮೊದಲ ಸಂತೆಗೆ ಡೆಲ್ಫೀನಾ ತಾನೇ ಒಂದು ದೊಡ್ಡ ತಟ್ಟೆ ಮಾಡಿ ತಂದಳು. ಕಪ್ಪು ಚಾಕೊಲೇಟು, ಅದರಲ್ಲಿ ಅವರ ಊರಿಂದ ತರಿಸಿದ ಒಣಮೆಣಸಿನ ಪುಡಿ, ಸ್ವಲ್ಪ ದಾಲ್ಚಿನ್ನಿ, ಮೇಲೆ ಅವರ ಗುಡ್ಡದ ಪೈನ್ ಮರಗಳ ಹುರಿದ ಬೀಜ, ಹರಳುಪ್ಪು. ಅವಳ ತಾಯಿ ಚಳಿಗಾಲದಲ್ಲಿ ಕುಡಿಯಲು ಕಾಯಿಸುತ್ತಿದ್ದ ಚಾಕೊಲೇಟಿನ ರುಚಿಯಂತೆ. ಆ ತಾಯಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಅತ್ತೆಯ ಮೇಜಿನ ಮೇಲೆ ಅಮ್ಮನ ರುಚಿಯನ್ನು ಇಡಬೇಕೆಂದು ಆ ಹುಡುಗಿಗೆ ತೋಚಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಚರ್ಚಿನ ಅಡುಗೆಕೋಣೆಯ ಕಿಂಡಿಯ ಹಿಂದೆ ಕಾಫಿ ಕಾಯಿಸುತ್ತಿದ್ದೆ. ವರ್ನಾಳ ಬೆನ್ನು ನನ್ನ ಕಡೆಗಿತ್ತು. ಮೊದಲು ಮಾರ್ಲಿಸ್ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕೆಮ್ಮಿದಳು, ಕಣ್ಣೊರೆಸಿಕೊಂಡಳು, ನೀರು ಕುಡಿದಳು. ಮೇಜಿನ ಸುತ್ತ ಇದ್ದವರೆಲ್ಲ ವರ್ನಾಳನ್ನು ನೋಡಿದರು. ಸೊಸೆ ಅವಳದು, ಮೇಜು ಅವಳದು, ತೀರ್ಪೂ ಅವಳದೇ. ವರ್ನಾ ಒಂದು ಚೂರು ತೆಗೆದುಕೊಂಡು ನಿಧಾನವಾಗಿ ಅಗಿದಳು. ಕರಿಮೆಣಸಿಗಿಂತ ಖಾರದ್ದನ್ನು ಆ ನಾಲಿಗೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಮೇಲೆ ಹೇಳಿದಳು, "ಬೇರೆ ಥರ ಇದೆ."

ಮೇಜಿನ ಸುತ್ತ ಒಂದು ಸಣ್ಣ ನಗು ಹಾದುಹೋಯಿತು. ನಮ್ಮೂರಿನ ನಗು, ಹಲ್ಲು ಕಾಣದ್ದು. ಡೆಲ್ಫೀನಾ ಮುಖವರಳಿಸಿ, "ಥ್ಯಾಂಕ್ಸ್ ಅಮ್ಮ, ಬೇರೆ ಥರ ಇರ್ಲಿ ಅಂತಾನೇ ಮಾಡಿದ್ದು," ಅಂದಳು. ನಗು ಇನ್ನೊಂದು ಸುತ್ತು ಬಂತು. ಮಾರ್ಲಿಸ್ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಗಂಡಸರು ಕಾಫಿ ಕುಡಿಯುವ ಮೂಲೆಯಲ್ಲಿಟ್ಟಳು. ಡೆಲ್ಫೀನಾ ಅವತ್ತು ಸಂಜೆಯವರೆಗೂ ಕುಣಿದುಕೊಂಡೇ ಓಡಾಡಿದಳು. ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಏನಂದರು ಅಂತ ಗಂಡನಿಗೆ ಹೇಳಿದಳು. ಆ ಬೆಪ್ಪು ನೀಲ್, ಹುಟ್ಟಿದಾಗಿನಿಂದ ಬೇಡದ ಕಡೆ ಒಂದು ಮಾತಾಡದವನು, ಅವತ್ತು ಮಾತ್ರ ಬಾಯಿ ಬಿಟ್ಟು ನಕ್ಕು ಅದರ ಅರ್ಥ ಬಿಡಿಸಿ ಹೇಳಿದ.

ಆ ಜನವರಿಯಲ್ಲಿ ದಿನಾ ಮಧ್ಯಾಹ್ನ ವರ್ನಾ ಕಿಟಕಿಯ ಬಳಿ ಕಾಫಿ ಹಿಡಿದು ಕುಳಿತು ಡಬ್ಬಿಯಿಂದ ಏನೋ ತೆಗೆದು ತಿನ್ನುವುದು ನನಗೆ ಕಾಣಿಸುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ಸಂತೆಯಲ್ಲಿ ಉಳಿದಿದ್ದ ಆ ಖಾರದ ಚಕ್ಕೆ. ಅಷ್ಟನ್ನೂ ಮನೆಗೆ ತಂದು, ದಿನಕ್ಕೊಂದು ಚೂರಿನಂತೆ ಉಳಿಸಿ ಉಳಿಸಿ ತಿನ್ನುತ್ತಿದ್ದಾಳೆ. ಮೊದಲು ಸಿಹಿ, ಆಮೇಲೆ ಉಪ್ಪು, ನುಂಗಿ ಮುಗೀತು ಅಂದಾಗ ಗಂಟಲಲ್ಲಿ ಒಂದು ಬೆಚ್ಚಗೆ ಏಳುತ್ತೆ ಅಂತ ನನಗೆ ವಿವರಿಸಿದಳು. ಅವಳು ತಿಂಡಿಯೊಂದರ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಬೇರೆ ಥರ ಅಂತ ಯಾಕೆ ಅಂದೆ ಮತ್ತೆ?" ಅಂದೆ.

"ಬೇರೆ ಥರಾನೇ ಇತ್ತಲ್ಲೇ. ನಿಜವಾಗ್ಲೂ ಬೇರೆ ಥರ. ನಂಗೆ ಬೇರೆ ಮಾತೇ ಹೊಳೀಲಿಲ್ಲ."

"ಚೆನ್ನಾಗಿದೆ ಅನ್ನೋದು."

"ಅಷ್ಟು ಜನರ ಮುಂದೆ, ನನ್ನ ಸೊಸೇನ ನಾನೇ ಹೊಗಳೋದಾ?" ಅಂದಳು, ನಾನೇನೋ ಬಟ್ಟೆ ಬಿಚ್ಚಿ ಕುಣಿ ಅಂದ ಹಾಗೆ.

ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹುಡುಗಿಗೆ ಫೋನ್ ಮಾಡಿ ಇಷ್ಟು ಹೇಳಿಬಿಡು ಅಂದೆ. ಈಗ ಆ ಮಾತೆತ್ತಿದರೆ ದೊಡ್ಡ ರಾದ್ಧಾಂತ ಮಾಡಿದ ಹಾಗಾಗುತ್ತೆ, ಸಮಯ ಬಂದಾಗ ಹೇಳ್ತೀನಿ ಅಂದಳು. ನಮ್ಮಲ್ಲಿ ಸಮಯ ಬರುವುದು ಹೇಗೆಂದರೆ, ಬಂದಿದ್ದು ಯಾರ ಕಣ್ಣಿಗೂ ಬೀಳದೆ ಹಿಂಬಾಗಿಲಿಂದ ಹೊರಟುಹೋಗಿರುತ್ತದೆ.

ಮರುವರ್ಷದ ಸಂತೆಗೆ ಡೆಲ್ಫೀನಾ ಬಂದಳು, ಕಾಫಿ ಲೋಟ ತೊಳೆದಳು, ಎಲ್ಲರಿಗೂ ನಗುಮುಖ ತೋರಿಸಿದಳು. ತಟ್ಟೆ ತರಲಿಲ್ಲ. ಕ್ರಿಸ್ಮಸ್ ದಿನ ಅತ್ತೆಯ ಮನೆಗೆ ಅಂಗಡಿಯ ಚಾಕೊಲೇಟ್ ಡಬ್ಬಿ ತಂದಳು, ಚೆಂದದ ರಿಬ್ಬನ್ ಕಟ್ಟಿದ್ದು. ವರ್ನಾ ಅದನ್ನು ಬಿಚ್ಚಿ ಎಲ್ಲರಿಗೂ ಕೊಟ್ಟು ಪರವಾಗಿಲ್ಲ ಅಂದಳು. ಅದರ ಮರುವರ್ಷವೂ ಅದೇ ಆಯಿತು. ಚಕ್ಕೆ ಮಾಡುವ ದಿನ ಬಾ ಅಂತ ವರ್ನಾ ಕರೆದರೆ ಅವತ್ತು ಆಸ್ಪತ್ರೆಯಲ್ಲಿ ಪಾಳಿ ಇರುತ್ತಿತ್ತು. ನಿಜವಾಗಿಯೂ ಇರುತ್ತಿತ್ತೋ, ಹಾಕಿಸಿಕೊಳ್ಳುತ್ತಿದ್ದಳೋ, ಕೇಳುವವರು ಯಾರು.

ಜಗಳವಿಲ್ಲ, ಕೋಪವಿಲ್ಲ. ವರ್ನಾಳಿಗೆ ಸೊಂಟ ನೋವು ಬಂದಾಗ ಡೆಲ್ಫೀನಾಳೇ ಔಷಧಿ ತಂದು ಕೊಟ್ಟಳು, ಬಟ್ಟೆ ಒಗೆದು ಹಾಕಿದಳು. ಆದರೆ ಅವಳ ಮಾತು ಕಮ್ಮಿಯಾಯಿತು. ಚಳಿ ಹೇಗಿದೆ ಅಂದರೆ ‘ಇನ್ನೂ ಜಾಸ್ತಿ ಇರಬಹುದಿತ್ತು’ ಅನ್ನತೊಡಗಿದಳು. ಊಟ ಹೇಗಿದೆ ಅಂದರೆ ‘ಪರವಾಗಿಲ್ಲ’. ನಮ್ಮ ಹೆಂಗಸರಿಗೆಲ್ಲ ಬಹಳ ಹಿಡಿಸಿತು. ಹುಡುಗಿ ಹೊಂದಿಕೊಂಡಳು ಅಂತ ಮಾರ್ಲಿಸ್ ಊರೆಲ್ಲ ಹೇಳಿಕೊಂಡು ಬಂದಳು. ನನಗೆ ಮಾತ್ರ ಅವಳನ್ನು ನೋಡಿದಾಗಲೆಲ್ಲ ಬೆಳ್ಳಗಾದ ಆ ನೇರಳೆ ಮನೆಯೇ ನೆನಪಾಗುತ್ತಿತ್ತು.

ವರ್ನಾ ತನ್ನದೇ ರೀತಿಯಲ್ಲಿ ಒಂದು ಪ್ರಯತ್ನ ಮಾಡಿದಳು. ಒಂದು ಕ್ರಿಸ್ಮಸ್ಸಿಗೆ ತಾನೇ ಖಾರದ ಚಕ್ಕೆ ಮಾಡಿದಳು. ಸರಿಯಾಗಿ ಬರುವುದಿಲ್ಲ ಅಂತ ಅವಳಿಗೇ ಗೊತ್ತಿತ್ತು. ಕೆಟ್ಟದಾಗಿರುವುದನ್ನು ನೋಡಿ ಡೆಲ್ಫೀನಾ ನಗಬೇಕು, ಹೀಗಲ್ಲ ಅಮ್ಮ ಸರಿಯಿರಿ ಅಂತ ಕೈಯಿಂದ ಸೌಟು ಕಿತ್ತುಕೊಳ್ಳಬೇಕು, ಆಗ ಆ ಹಳೆಯ ಮಾತು ತಾನಾಗಿ ಬರುತ್ತದೆ ಅನ್ನುವುದು ಅವಳ ಲೆಕ್ಕಾಚಾರ. ಲೆಕ್ಕಾಚಾರವೇನೋ ಸರಿ, ಆದರೆ ಅಂಗಡಿಯಿಂದ ತಂದಿದ್ದು ನಾವು ಹುರುಳಿಕಾಯಿ ಬೀಜದ ಸಾರಿಗೆ ಹಾಕುವ ಮಸಾಲೆ ಪುಡಿ. ಮೆಣಸಿನ ಪುಡಿ ಅಂತಲೇ ಅದರ ಮೇಲೆ ಬರೆದಿರುತ್ತದೆ, ಒಳಗೆ ಬೆಳ್ಳುಳ್ಳಿ, ಜೀರಿಗೆ ಎಲ್ಲ ಸೇರಿರುತ್ತದೆ. ಮೆಣಸಿನ ಪುಡಿ ಅಂದರೆ ಅದೊಂದೇ ಅಂತ ಈ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಬೆಳ್ಳುಳ್ಳಿ ಚಾಕೊಲೇಟು. ನಾನೂ ತಿಂದೆ, ಆ ದಿನವೆಲ್ಲ ಅದರದೇ ತೇಗು. ಡೆಲ್ಫೀನಾ ಒಂದು ಚೂರು ಬಾಯಿಗಿಟ್ಟುಕೊಂಡು ಪೂರ್ತಿ ಅಗಿದು ನುಂಗಿದಳು. ವರ್ನಾ ಕಾದಳು. ಸೊಸೆ ಮೆಲ್ಲಗೆ ನಕ್ಕು, "ಬೇರೆ ಥರ ಇದೆ ಅಮ್ಮ," ಅಂದಳು.

ಅದನ್ನು ವರ್ನಾ ನನಗೆ ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಡ್ಡಿ ಸಮೇತ ವಾಪಸ್ ಕೊಟ್ಟಳು ಬಿಡು ಅಂದೆ. ವರ್ನಾ ನಗಲಿಲ್ಲ. ಯಾವ ಅರ್ಥದಲ್ಲಿ ಅಂದಳೋ ಗೊತ್ತಾಗ್ಲಿಲ್ಲ ಕಣೇ ಅಂತ ಮೇಜಿನ ಬಟ್ಟೆಯ ಅಂಚು ನೇವರಿಸುತ್ತಾ ಕುಳಿತಳು. ನನಗೂ ನಗು ನಿಂತುಹೋಯಿತು.

ಹೀಗೆ ವರ್ಷಗಳು ಕಳೆದವು. ವರ್ನಾಳ ಹೆಬ್ಬೆರಳುಗಳ ಗೆಣ್ಣು ಊದಿಕೊಂಡವು. ಚಾಕೊಲೇಟ್ ಕಲಕುವುದು ಹೇಗೋ ಆಗುತ್ತಿತ್ತು, ಮುರಿಯುವುದು ಆಗುತ್ತಿರಲಿಲ್ಲ. ಕಳೆದ ಶರತ್ಕಾಲದಲ್ಲಿ ಚರ್ಚಿನ ಹೆಂಗಸರ ಸಭೆಯಲ್ಲಿ ಮಾರ್ಲಿಸ್, ವರ್ನಾಗೆ ಇನ್ನು ತೊಂದರೆ ಕೊಡೋದು ಬೇಡ, ಚಕ್ಕೆಯ ಮೇಜು ತೆಗೆದುಬಿಡೋಣ, ಇಲ್ಲವೆಂದರೆ ಅಂಗಡಿಯಿಂದ ತರಿಸೋಣ ಅಂದಳು. ವರ್ನಾ ಎದ್ದು ನಿಂತು, ಈ ವರ್ಷ ಒಂದು ಮಾಡ್ತೀನಿ, ಮುಂದಿನ ವರ್ಷಕ್ಕೆ ಯಾರು ಅಂತ ಹೇಳ್ತೀನಿ ಅಂದಳು. ಯಾರು ಅನ್ನುವುದು ನನಗೆ ಗೊತ್ತಿತ್ತು. ಆ ಮೇಜಿನ ಹಿಂದೆ ಡೆಲ್ಫೀನಾ ತನ್ನ ಖಾರದ ಚಕ್ಕೆ ಇಟ್ಟುಕೊಂಡು ನಿಲ್ಲಬೇಕು, ಮಾರ್ಲಿಸ್ ಅದನ್ನು ಮುಟ್ಟಕೂಡದು. ವರ್ನಾಳಿಗೆ ಈ ಲೋಕದಲ್ಲಿ ಬೇಕಾಗಿದ್ದು ಅಷ್ಟೇ.

ಸಭೆ ಮುಗಿಸಿ ಬರುವಾಗ ಕಾರಿನಲ್ಲಿ ಅವಳಿಗೆ ಸರಿಯಾಗಿ ಉಗಿದೆ. ಮೊದಲು ಆ ಮಾತು ಹೇಳಿ ಮುಗಿಸದೆ ಮೇಜು ವಹಿಸಿಕೋ ಅಂತ ಯಾವ ಬಾಯಲ್ಲಿ ಕೇಳ್ತೀಯ ಅಂದೆ. ನೀನು ಹೇಳದಿದ್ದರೆ ನಾನೇ ಹೇಳ್ತೀನಿ ಅಂತಲೂ ಹೆದರಿಸಿದೆ. ಅವಳು ದಾರಿಯುದ್ದಕ್ಕೂ ಕೈಗವಸು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದಳು.

ಡಿಸೆಂಬರಿನಲ್ಲಿ ಭಾರಿ ಹಿಮ ಬಿದ್ದ ಒಂದು ಮಧ್ಯಾಹ್ನ ನೀಲ್ ಲಾರಿ ತೆಗೆದುಕೊಂಡು ರಸ್ತೆಗಿಳಿದಿದ್ದ. ಅತ್ತೆ ಒಬ್ಬಳೇ ಇದ್ದಾಳೆಂದು ಡೆಲ್ಫೀನಾ ನೋಡಲು ಬಂದಳು. ವರ್ನಾ ಪ್ರೆಟ್ಜೆಲ್ ಚಕ್ಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಮುರಿಯಲಾಗದೆ ಒದ್ದಾಡುತ್ತಿದ್ದಳು. ಡೆಲ್ಫೀನಾ ಕೈ ತೊಳೆದುಕೊಂಡು ಬಂದು ತಾನೇ ಮುರಿಯತೊಡಗಿದಳು. ನನ್ನ ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಏನು ಮಾತಾಡಿದರು ಅನ್ನುವುದು ನನಗೆ ಗೊತ್ತಾಗಿದ್ದು ಮರುದಿನ, ವರ್ನಾ ಹಿಮದ ಬೂಟುಗಳನ್ನೂ ಬಿಚ್ಚದೆ ನನ್ನ ಅಡುಗೆಮನೆಯ ನಡುವೆ ನಿಂತುಕೊಂಡು ಎಲ್ಲ ಹೇಳಿದಾಗ.

ವರ್ನಾಳೇ ಶುರು ಮಾಡಿದಳಂತೆ. "ಡೆಲ್ಫೀನಾ, ಅವತ್ತು ಚರ್ಚಲ್ಲಿ ನಾನು ಬೇರೆ ಥರ ಇದೆ ಅಂದ್ನಲ್ಲ. ನಂಗದು ತುಂಬಾ ಹಿಡಿಸಿತ್ತು. ಉಳಿದಿದ್ದನ್ನೆಲ್ಲ ಮನೆಗೆ ತಂದು ಚಳಿಗಾಲ ಪೂರ್ತಿ ತಿಂದೆ."

ಡೆಲ್ಫೀನಾ ಮುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಅಮ್ಮ. ಆ ಫೆಬ್ರವರೀಲೇ ನಿಮ್ಮ ಡಬ್ಬಿ ನೋಡಿದ್ದೆ."

ವರ್ನಾ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಮಾತು ಸೊಸೆಗೆ ಮೊದಲೇ ಗೊತ್ತಿತ್ತು. ಹಾಗಾದರೆ ಮತ್ತೆ ಯಾಕೆ ತಟ್ಟೆ ತರಲಿಲ್ಲ ಅಂತ ಕೇಳಿದಳು.

"ನೀವು ಹೇಳಿದ್ದು ನಂಗೆ ಅಷ್ಟೊಂದು ನೋವಾಗಲಿ‌ಲ್ಲ. ನಾನು ಥ್ಯಾಂಕ್ಸ್ ಅಂದಾಗ ಅವರೆಲ್ಲ ನಕ್ರಲ್ಲ, ಆಗ ನೀವೂ ನಕ್ರಿ. ನೀವೆಲ್ಲ ಖುಷಿಗೆ ನಗ್ತಿದೀರ ಅಂದ್ಕೊಂಡು ನಾನೂ ನಿಮ್ ಜೊತೆ ನಕ್ಕೆ." ಡೆಲ್ಫೀನಾ ಕೈಗೆ ಅಂಟಿದ್ದ ಉಪ್ಪು ಒರೆಸಿಕೊಂಡಳು. "ನಿಮಗೆ ಇಷ್ಟ ಆಗಿರ್ಲಿಲ್ಲ ಅಂತ ಆಗಿದ್ರೆ ಎಷ್ಟೋ ವಾಸಿ ಇತ್ತು. ಇಷ್ಟ ಆಗಿತ್ತು, ಆದ್ರೂ ನಕ್ರಿ."

ಚರ್ಚಿನ ಸಂತೆಯಲ್ಲಿ ಅವತ್ತು ನನಗೆ ವರ್ನಾಳ ಬೆನ್ನಷ್ಟೇ ಕಂಡಿತ್ತು. ನಿಜವಾಗ್ಲೂ ನಕ್ಕೆಯಾ ಅಂತ ನಾನು ಅವಳನ್ನು ಕೇಳಿದೆ. ಹೂಂ ಅಂದಳು. ಅವರೆಲ್ಲ ನನ್ನ ಮುಖ ನೋಡ್ತಿದ್ರು, ನಕ್ಬಿಟ್ಟೆ ಅಂದಳು. ಅಲ್ಲಿವರೆಗೆ ಎಲ್ಲವೂ ಒಂದು ಮಾತಿನ ತಪ್ಪು ಅಂತ ಅವಳೂ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ಮಾತಿನ ತಪ್ಪಾಗಿದ್ದರೆ ತಿದ್ದಬಹುದಿತ್ತು.

ಸೊಸೆಗೂ ಅವಳು ಅದನ್ನೇ ಹೇಳಿದಳಂತೆ, ಹೌದು, ನಕ್ಕೆ, ತಪ್ಪಾಯ್ತು ಅಂತ. ನಮ್ಮೂರಿನಲ್ಲಿ ಅಷ್ಟು ಹೇಳುವುದು ಸಣ್ಣ ಮಾತಲ್ಲ. ಡೆಲ್ಫೀನಾ ಅವಳ ಭುಜ ಮುಟ್ಟಿ, ಇರ್ಲಿ ಬಿಡಿ ಅಮ್ಮ ಅಂದಳು. ಆಮೇಲೆ ವರ್ನಾ ಮೇಜಿನ ವಿಷಯ ಕೇಳಿದಳು. ಮುಂದಿನ ವರ್ಷ ನಿನ್ನ ಚಕ್ಕೆ ಮಾಡ್ತೀಯಾ, ನನ್ನ ಜಾಗದಲ್ಲಿ ನಿಲ್ತೀಯಾ ಅಂತ. ಡೆಲ್ಫೀನಾ ಮುರಿದ ಚೂರುಗಳನ್ನು ಅಂದವಾಗಿ ಡಬ್ಬಿಗೆ ಜೋಡಿಸಿ, ಮುಚ್ಚಳ ಒತ್ತಿ, "ನೋಡೋಣ ಅಮ್ಮ," ಅಂದಳು. ತಟ್ಟೆ ತೊಳೆದಿಟ್ಟಳು, ಬಾಗಿಲ ಮುಂದಿನ ಹಿಮ ಗುಡಿಸಿದಳು, ಕೈ ಬೀಸಿ ಹೋದಳು.

"ನೋಡೋಣ ಅಂದ್ಲು ಎನಿಡ್," ಅಂದಳು ವರ್ನಾ. ಅವಳ ಬೂಟಿನ ಹಿಮ ನನ್ನ ನೆಲದ ಮೇಲೆ ಕರಗುತ್ತಿತ್ತು.

ನೋಡೋಣ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ನಾವು ಜೀವಮಾನವಿಡೀ ಬೇಡದ್ದಕ್ಕೆಲ್ಲ ಅದನ್ನೇ ಹೇಳಿಕೊಂಡು ಬಂದವರು. ಕೂತ್ಕೋ, ಕಾಫಿ ಕೊಡ್ತೀನಿ ಅಂದೆ. ಅವಳು ಕೂರಲಿಲ್ಲ.

"ಬಂದ ಹೊಸದರಲ್ಲಿ ಆಗಿದ್ರೆ, ನಿಲ್ಲಲ್ಲ ಹೋಗಿ ಅಂತ ಮುಖಕ್ಕೆ ಹೇಳ್ತಿದ್ಲು ಕಣೇ," ಅಂದಳು. "ಹಾಗೇ ಹೇಳಿದ್ರೂ ಸಾಕಿತ್ತು ನಂಗೆ."